18 ಕಾರ್ಡಿನ ಊರು: ರಸ್ತೆಗಳನ್ನು ಕಡಿಮೆ ಮಾಡುವುದು ಹೇಗೆ?

ಪ್ರಶ್ನೆ: ನಾವು ಶಿರಸಿಯವರು. ಮಗಳು ಏಳನೇ ಕ್ಲಾಸು. ಮಳೆಗಾಲದಲ್ಲಿ ಮೊಬೈಲ್ ಬಿಟ್ಟು ಬೇರೇನಾದರೂ ಆಡಲಿ ಎಂದು ನನ್ನ ತಮ್ಮ ಬೆಂಗಳೂರಿನಿಂದ ‘ಸ್ಪ್ರಾಲೋಪೊಲಿಸ್’ ಎಂಬ ಆಟ ತಂದುಕೊಟ್ಟ. ಪಾಕೀಟಿನಷ್ಟೇ ದೊಡ್ಡದು. ಒಳಗೆ ಬರೀ 18 ಕಾರ್ಡು. ಕಾರ್ಡು ಜೋಡಿಸಿ, ರಸ್ತೆ ಕೂಡಿಸಿ ಊರು ಕಟ್ಟಬೇಕು. ಹತ್ತು ಸಲ ಆಡಿದೆವು, ಹತ್ತೂ ಸಲ ಸೋತೆವು. ಕೊನೆಯ ಆಟದಲ್ಲಿ ಗುರಿ 27 ಇತ್ತು, ನಮಗೆ ಬಂದದ್ದು 14. ‘ಇದೆಲ್ಲ ಲಕ್ಕು ಆಯಿ’ ಎನ್ನುತ್ತಾಳೆ ಮಗಳು. ‘ಎದುರಾಳಿಯೇ ಇಲ್ಲದ್ದು ಎಂಥ ಆಟ’ ಎಂದು ಮಾವ ಎದ್ದು ಹೋಗುತ್ತಾರೆ. ಈ ಆಟದಲ್ಲಿ ನಿಜವಾಗಿ ಹುರುಳಿದೆಯೇ? ಮಾವನೂ ಕೂತು ಆಡುವಂಥ ಇದೇ ಜಾತಿಯ ಬೇರೆ ಆಟ ಇದೆಯೇ? ಕೊನೆಯ ಆಟದ ಫೋಟೋ ಕಳಿಸಿದ್ದೇನೆ.

ಉತ್ತರ: ಹುರುಳಿದೆ. ಬೇಕಾದಷ್ಟಿದೆ. ನಿಮ್ಮ ಸೋಲಿಗೆ ಲಕ್ಕು ಕಾರಣ ಅಲ್ಲ ಎಂಬುದು ನೀವು ಕಳಿಸಿದ ಫೋಟೋದಲ್ಲೇ ಕಾಣುತ್ತದೆ.

ಆ ಫೋಟೋ ನಾನು ದೊಡ್ಡದು ಮಾಡಿ ನೋಡಿದೆ. 15 ಕಾರ್ಡುಗಳು ಒಂದರ ಪಕ್ಕ ಒಂದು, ನೆಲಕ್ಕೆ ಟೈಲ್ಸ್ ಹಾಕಿದ ಹಾಗೆ ಅಚ್ಚುಕಟ್ಟಾಗಿ ಕೂತಿವೆ. ಒಂದು ಕಾರ್ಡೂ ಇನ್ನೊಂದರ ಮೇಲೆ ಬಂದಿಲ್ಲ. ಅಲ್ಲೇ ಇರುವುದು ತೊಂದರೆ. ಈ ಆಟದಲ್ಲಿ ಕಾರ್ಡನ್ನು ಇನ್ನೊಂದರ ಮೇಲೆ ಹೊದಿಸಬಹುದು. ಕಾಲು ಭಾಗ ಮುಚ್ಚಬಹುದು, ಅರ್ಧ ಮುಚ್ಚಬಹುದು, ಒಂದೇ ಸಲಕ್ಕೆ ಎರಡು ಮೂರು ಕಾರ್ಡುಗಳ ಮೂಲೆಗಳ ಮೇಲೂ ಇಡಬಹುದು. ಕೆಳಗೆ ತೂರಿಸುವ ಹಾಗಿಲ್ಲ, ಅಷ್ಟೇ. ಇನ್ನೊಂದು ಮಾತು. ರಸ್ತೆಗೆ ರಸ್ತೆ ಕೂಡಲೇಬೇಕು ಎಂಬ ನಿಯಮವೂ ಇಲ್ಲ. ರಸ್ತೆ ಗೋಡೆಗೆ ಬಡಿದ ಹಾಗೆ ಅಲ್ಲೇ ನಿಂತರೂ ಆ ನಡೆ ತಪ್ಪಲ್ಲ. ನಾನೂ ಮೊದಲ ಕೆಲವು ವಾರ ‘ಕೂಡಲೇಬೇಕು’ ಎಂದುಕೊಂಡೇ ಆಡಿದ್ದೆ. ಕಾರವಾರದಲ್ಲಿ ನಮ್ಮ ಮನೆಯ ಜಗಲಿಗೆ ಭಾನುವಾರ ಆಡಲು ಬರುವ ಮಕ್ಕಳಲ್ಲಿ ಒಬ್ಬಳು ನಿಯಮದ ಹಾಳೆ ಓದಿ ನನ್ನನ್ನು ತಿದ್ದಿದಳು. ಆ ದಿನದಿಂದ ಈ ಆಟ ನನಗೆ ಬೇರೆಯೇ ಆಗಿ ಕಂಡಿತು.

ಬೇರೆ ಓದುಗರಿಗಾಗಿ ಆಟವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಸ್ಪ್ರಾಲೋಪೊಲಿಸ್ ಬಂದದ್ದು 2018ರಲ್ಲಿ. ಅಮೆರಿಕದ ಬಟನ್ ಶೈ ಎಂಬ ಪುಟ್ಟ ಪ್ರಕಾಶನದ್ದು. ಪಾಕೀಟಿನಲ್ಲಿ ಹಿಡಿಸುವ 18 ಕಾರ್ಡಿನ ಆಟಗಳೇ ಅವರ ವಿಶೇಷ. ಸ್ಟೀವನ್ ಅರಾಮಿನಿ, ಡ್ಯಾನಿ ಡಿವೈನ್, ಪಾಲ್ ಕ್ಲೂಕಾ ಎಂಬ ಮೂವರು ಸೇರಿ ಮಾಡಿದ್ದು. ಪ್ರತಿ ಕಾರ್ಡಿನ ಮುಂದೆ ನಾಲ್ಕು ಮನೆಗಳು, ಅಂದರೆ ಚೌಕಾಬಾರದಲ್ಲಿ ನಾವು ಮನೆ ಅನ್ನುತ್ತೇವಲ್ಲ, ಅಂಥ ನಾಲ್ಕು ಚೌಕ. ಒಂದೊಂದಕ್ಕೂ ಒಂದು ಬಣ್ಣ. ವಾಸದ ಜಾಗ, ಅಂಗಡಿ ಜಾಗ, ಕಾರ್ಖಾನೆ, ಪಾರ್ಕು. ಅದರ ಮೇಲೆ ರಸ್ತೆ ಹಾದುಹೋಗುತ್ತದೆ. ಹಿಂದೆ ಒಂದು ಷರತ್ತು ಮತ್ತು ಒಂದು ಸಂಖ್ಯೆ. ಆಟ ಶುರು ಮಾಡುವಾಗ ಮೂರು ಕಾರ್ಡು ತಿರುಗಿಸಿಡುತ್ತೇವೆ. ಆ ಮೂರು ಷರತ್ತುಗಳೇ ಆ ಸಲದ ಆಟ, ಮೂರು ಸಂಖ್ಯೆಗಳ ಮೊತ್ತವೇ ಗುರಿ. ಉಳಿದ 15 ಕಾರ್ಡಿನಲ್ಲಿ ಊರು ಕಟ್ಟಬೇಕು. ಕೊನೆಗೆ ಒಂದೊಂದು ಬಣ್ಣದ ಅತಿ ದೊಡ್ಡ ಗುಂಪಿನಲ್ಲಿ ಎಷ್ಟು ಮನೆಗಳಿವೆಯೋ ಅಷ್ಟು ಅಂಕ. ಷರತ್ತುಗಳಿಂದ ಬಂದದ್ದು ಬೇರೆ. ಊರಿನಲ್ಲಿ ಎಷ್ಟು ರಸ್ತೆಗಳಿವೆಯೋ ಅಷ್ಟು ಅಂಕ ಕಳೆತ. ಎಲ್ಲರೂ ಸೇರಿ ಒಂದೇ ಊರು ಕಟ್ಟುವುದು. ಗೆದ್ದರೆ ಎಲ್ಲರೂ ಗೆದ್ದ ಹಾಗೆ.

ಈಗ ನಿಮ್ಮ ಊರಿಗೆ ಬರೋಣ. ಫೋಟೋದಲ್ಲಿ ಎಣಿಸಿದೆ. ನಾಲ್ಕು ಗುಂಪುಗಳಿಂದ 20 ಅಂಕ, ಷರತ್ತುಗಳಿಂದ 7. ರಸ್ತೆಗಳು 13. ಕಳೆದರೆ 14. ರಸ್ತೆ ಐದೇ ಇದ್ದಿದ್ದರೆ 22 ಆಗುತ್ತಿತ್ತು. ಆಗ ಗುರಿ ಕಣ್ಣಿಗೆ ಕಾಣುವಷ್ಟು ಹತ್ತಿರ ಇರುತ್ತಿತ್ತು, ಅಲ್ವಾ?

ನಿಮ್ಮ ಮನೆಯಲ್ಲಿ ನಡೆಯುತ್ತಿರುವುದು ಇದು ಎಂದು ನನಗೆ ಅನ್ನಿಸುತ್ತದೆ: ಎಲ್ಲರೂ ರಸ್ತೆಯನ್ನು ಉದ್ದ ಮಾಡುತ್ತಿದ್ದೀರಿ. ಕೈಯಲ್ಲಿರುವ ಕಾರ್ಡಿನ ರಸ್ತೆ ಯಾವುದಾದರೂ ಒಂದು ತುದಿಗೆ ಕೂಡಿದರೆ ಸಾಕು, ಖುಷಿಯಾಗಿ ಇಟ್ಟುಬಿಡುತ್ತೀರಿ. ಆದರೆ ಈ ಆಟ ಕೇಳುವುದು ಉದ್ದ ಅಲ್ಲ. ಸಂಖ್ಯೆ ಕಡಿಮೆ ಆಗಬೇಕು. ಇವೆರಡು ಬೇರೆ ಬೇರೆ.

ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಲೆಕ್ಕ ಮಾಡಿ. ಒಂದು ರಸ್ತೆಗೆ ಎರಡು ತುದಿ. ಹಾಗಾದರೆ ತುದಿಗಳನ್ನು ಎಣಿಸಿ ಎರಡರಿಂದ ಭಾಗಿಸಿದರೆ ರಸ್ತೆಗಳ ಸಂಖ್ಯೆ ಸಿಗುತ್ತದೆ. ಸುತ್ತಿ ಬಂದು ತನ್ನನ್ನೇ ಸೇರುವ ರಸ್ತೆಗೆ ಮಾತ್ರ ತುದಿಯೇ ಇರುವುದಿಲ್ಲ, ಅದನ್ನು ಬೇರೆಯಾಗಿ ಒಂದು ಎಂದು ಎಣಿಸಬೇಕು. ಈಗ ಒಂದೇ ರಸ್ತೆ ಇರುವ ಹೊಸ ಕಾರ್ಡು ಇಡುತ್ತೀರಿ ಎಂದುಕೊಳ್ಳಿ. ಅದು ಯಾವುದಕ್ಕೂ ಕೂಡದಿದ್ದರೆ ಒಂದು ರಸ್ತೆ ಹೆಚ್ಚಾಯಿತು. ಒಂದು ತುದಿ ಮಾತ್ರ ಕೂಡಿದರೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಎರಡೂ ತುದಿ ಎರಡು ಬೇರೆ ರಸ್ತೆಗಳಿಗೆ ಕೂಡಿದರೆ ಮಾತ್ರ ಒಂದು ಕಡಿಮೆಯಾಗುತ್ತದೆ. ಎರಡೂ ತುದಿ ಒಂದೇ ರಸ್ತೆಗೆ ಕೂಡಿದರೆ ಸುತ್ತು ಮುಚ್ಚಿತು, ಸಂಖ್ಯೆ ಹಾಗೇ ಉಳಿಯಿತು. ನೋಡಿ, ನೀವು ಖುಷಿಪಟ್ಟು ಇಡುತ್ತಿದ್ದ ಕಾರ್ಡುಗಳಲ್ಲಿ ಹೆಚ್ಚಿನವು ಎರಡನೇ ಬಗೆಯವು. ಅವು ನಷ್ಟ ತರುವುದಿಲ್ಲ, ಲಾಭವನ್ನೂ ತರುವುದಿಲ್ಲ.

ಹಾಗಾದರೆ ಲಾಭ ಎಲ್ಲಿ? ಎರಡು ತುದಿ ಎದುರುಬದುರು ನಿಂತು ನಡುವೆ ಒಂದು ಕಾರ್ಡಿನಷ್ಟು ಜಾಗ ಇರುವಲ್ಲಿ. ಅಂಥ ಜಾಗಗಳನ್ನು ಮೊದಲಿನಿಂದಲೇ ತಯಾರು ಮಾಡಿಕೊಳ್ಳಬೇಕು. ಮಕ್ಕಳಿಗೆ ನಾನು ಕೊಂಕಣ ರೈಲ್ವೆಯ ಉದಾಹರಣೆ ಕೊಡುತ್ತೇನೆ. ಅದನ್ನು ಒಂದು ತುದಿಯಿಂದ ಶುರು ಮಾಡಿ ಉದ್ದಕ್ಕೆ ಕಟ್ಟುತ್ತ ಬರಲಿಲ್ಲ. ಇಡೀ ದಾರಿಯನ್ನು ಏಳು ವಿಭಾಗ ಮಾಡಿಕೊಂಡರು, ನಮ್ಮ ಕಾರವಾರವೂ ಅದರಲ್ಲೊಂದು. ಎಲ್ಲ ಕಡೆ ಕೆಲಸ ಒಟ್ಟೊಟ್ಟಿಗೇ ನಡೆಯಿತು. ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿಗಿಂತ ಉದ್ದದ ಸೇತುವೆ ಎದ್ದಿತು, ಕಾರವಾರದ ಹತ್ತಿರ ಸುಮಾರು ಮೂರು ಕಿಲೋಮೀಟರಿನ ಸುರಂಗ ಕೊರೆದರು. 1998ರ ಜನವರಿ ಹೊತ್ತಿಗೆ ತುಂಡುಗಳೆಲ್ಲ ಕೂಡಿ ಒಂದೇ ದಾರಿ ಆಯಿತು. ಪ್ರತಿ ತುಂಡನ್ನೂ ಎದುರಿನ ತುಂಡು ಎಲ್ಲಿ ಬಂದು ಸೇರುತ್ತದೆ ಎಂದು ಗೊತ್ತಿಟ್ಟುಕೊಂಡೇ ಕಟ್ಟಿದ್ದರು. ನೀವೂ ಮೊದಲ ಐದಾರು ಕಾರ್ಡು ಇಡುವಾಗ ತುದಿಗಳು ಒಂದನ್ನೊಂದು ನೋಡುವ ಹಾಗೆ ಇಡಿ. ಊರಿನ ಹೊರಗೆ ಮುಖ ಮಾಡಿ ನಿಂತ ತುದಿಗಳು ಕೊನೆಯವರೆಗೂ ಹಾಗೇ ಉಳಿಯುತ್ತವೆ.

ಕಾರ್ಡು ಹೊದಿಸುವುದು ಹೆಚ್ಚು ಬೇಕಾಗುವುದು ಇಲ್ಲೇ. ಅಲ್ಲೊಂದು ಇಲ್ಲೊಂದು ಬಿದ್ದಿರುವ ತುಂಡು ರಸ್ತೆ ಇದೆ ಎಂದುಕೊಳ್ಳಿ. ಅದರ ಮೇಲೆ ಪೂರ್ತಿ ಮುಚ್ಚುವ ಹಾಗೆ ಹೊಸ ಕಾರ್ಡಿನ ಮೂಲೆ ಇಟ್ಟರೆ ಆ ರಸ್ತೆಯೇ ಇಲ್ಲವಾಗುತ್ತದೆ. ಕಳೆತ ತಪ್ಪಿತು. ಅದರ ಜೊತೆಗೇ ಒಂಟಿಯಾಗಿದ್ದ ಒಂದು ಮನೆ ಹೋಗಿ, ಅಲ್ಲಿ ದೊಡ್ಡ ಗುಂಪಿಗೆ ಸೇರುವ ಬಣ್ಣ ಬಂದರೆ ಎರಡು ಕಡೆ ಲಾಭ. ಆದರೆ ಉದ್ದ ರಸ್ತೆಯ ನಟ್ಟನಡುವೆ ಮುಚ್ಚಿಬಿಟ್ಟರೆ ಅದು ಎರಡಾಗಿ ಒಡೆಯುತ್ತದೆ, ಒಂದು ರಸ್ತೆ ಜಾಸ್ತಿಯಾಗುತ್ತದೆ. ಮುಚ್ಚುವ ಮೊದಲು ಕೆಳಗೆ ಯಾವ ರಸ್ತೆ ಹೋಗಿದೆ ಎಂದು ಒಮ್ಮೆ ಬೆರಳಿಟ್ಟು ನೋಡಿ.

ಇಟ್ಟದ್ದನ್ನು ಮುಚ್ಚುವುದಕ್ಕೆ ಮನಸ್ಸೇ ಬರುವುದಿಲ್ಲ, ಅದು ನನಗೆ ಗೊತ್ತು. ಮಕ್ಕಳಿಗಂತೂ ತಾವು ಇಟ್ಟ ಕಾರ್ಡಿನ ಮೇಲೆ ಬೇರೆಯವರು ಇಟ್ಟರೆ ಬೇಜಾರು. ಅದಕ್ಕೇ ಎಲ್ಲರೂ ಪಕ್ಕ ಪಕ್ಕ ಇಡುತ್ತ ಹೋಗುತ್ತಾರೆ, ಊರು ಹರಡುತ್ತ ಹೋಗುತ್ತದೆ. ನನ್ನ ಅನುಭವದಲ್ಲಿ ಗೆಲ್ಲುವ ಊರು ಚಿಕ್ಕದಾಗಿರುತ್ತದೆ, ಒತ್ತೊತ್ತಾಗಿರುತ್ತದೆ. 15 ಕಾರ್ಡಿನಲ್ಲಿ ಹತ್ತಾದರೂ ಬೇರೆ ಕಾರ್ಡಿನ ಮೇಲೆ ಸ್ವಲ್ಪ ಕೂತಿರುತ್ತವೆ.

ಇನ್ನು ಲಕ್ಕಿನ ಮಾತು. ಮಗಳ ಮಾತನ್ನು ತಳ್ಳಿಹಾಕಬೇಡಿ, ಅದರಲ್ಲಿ ಸ್ವಲ್ಪ ನಿಜ ಇದೆ. ಕಾರ್ಡು ಯಾವ ಕ್ರಮದಲ್ಲಿ ಬರುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಆದರೆ ಇಸ್ಪೀಟಿನ ಹಾಗೆ ಇಲ್ಲಿ ಅರ್ಧ ಎಲೆಗಳು ಎದುರಿನವರ ಕೈಯಲ್ಲಿ ಅಡಗಿರುವುದಿಲ್ಲ. 18ರಲ್ಲಿ 15 ಕಾರ್ಡು ಖಂಡಿತ ಬಂದೇ ಬರುತ್ತವೆ. ಬಾರದಿರುವುದು ಷರತ್ತಿಗಾಗಿ ತಿರುಗಿಸಿಟ್ಟ ಆ ಮೂರು, ಅವುಗಳ ಮುಂದೆ ಏನಿದೆ ಎಂಬುದಷ್ಟೇ ಗುಟ್ಟು. ಒಂದು ಸಂಜೆ ಆಟ ಆಡದೆ ಎಲ್ಲ ಕಾರ್ಡುಗಳನ್ನೂ ಚಾಪೆಯ ಮೇಲೆ ಹರಡಿ. ಯಾವುದರಲ್ಲಿ ರಸ್ತೆ ನೇರ ಹೋಗುತ್ತದೆ, ಯಾವುದರಲ್ಲಿ ತಿರುಗುತ್ತದೆ, ಯಾವುದರಲ್ಲಿ ಎರಡು ರಸ್ತೆಗಳಿವೆ ಎಂದು ಮಗಳೇ ನೋಡಿ ಗುಂಪು ಮಾಡಲಿ. 18 ಕಾರ್ಡು ಏಳನೇ ಕ್ಲಾಸಿನ ಹುಡುಗಿಗೆ ಎರಡು ದಿನದಲ್ಲಿ ಬಾಯಿಪಾಠ ಆಗುತ್ತದೆ. ಆಮೇಲೆ ಅವಳು ‘ಇಲ್ಲಿಗೆ ಸರಿಹೊಂದುವುದು ಇನ್ನೂ ಎರಡು ಉಳಿದಿವೆ’ ಎಂದು ಹೇಳಲು ಶುರು ಮಾಡುತ್ತಾಳೆ. ಚಿಕ್ಕ ಆಟದ ದೊಡ್ಡ ಗುಣ ಎಂದು ನಾನು ಹೇಳುವುದು ಇದನ್ನೇ. ನೂರು ಕಾರ್ಡಿನ ಆಟದಲ್ಲಿ ಇದು ಆಗದು.

ಆದರೂ ಒಂದೇ ಕಾರ್ಡನ್ನು ನಂಬಿ ಕೂರಬೇಡಿ. ಮಳೆಗಾಲದಲ್ಲಿ ದೇವಿಮನೆ ಘಟ್ಟದ ದಾರಿ ಮುಚ್ಚಿದರೆ ಶಿರಸಿಯವರು ಏನು ಮಾಡುತ್ತೀರಿ? ಸಿದ್ದಾಪುರದ ಕಡೆಯಿಂದ ದೊಡ್ಮನೆ ಘಟ್ಟ ಇಳಿದು ಕುಮಟೆಗೆ ಬರುತ್ತೀರಿ. ಇಲ್ಲವೇ ಯಲ್ಲಾಪುರಕ್ಕೆ ಹೋಗಿ ಅರಬೈಲ್ ಘಟ್ಟ ಇಳಿದು ಅಂಕೋಲೆಗೆ. ಹಾಗೆಯೇ ಇಲ್ಲೂ ಪ್ರತಿ ತುದಿಗೆ ಎರಡು ದಾರಿ ಇಟ್ಟುಕೊಳ್ಳಿ. ಎರಡು ಮೂರು ಬಗೆಯ ಕಾರ್ಡು ಹೊಂದುವ ಜಾಗ ಒಳ್ಳೆಯ ಜಾಗ. ಒಂದೇ ಒಂದು ಕಾರ್ಡು ಹೊಂದುವ ಜಾಗ ಕಂಡರೆ ಅದನ್ನು ಬೇಗನೆ ಹೊದಿಸಿಬಿಡಿ.

ಷರತ್ತುಗಳ ವಿಚಾರ. 18ರಲ್ಲಿ ಮೂರನ್ನು ಆರಿಸುವುದಕ್ಕೆ 816 ದಾರಿಗಳಿವೆ. ಅಂದರೆ ದಿನಕ್ಕೆ ಒಂದು ಆಡಿದರೂ ಎರಡು ವರ್ಷಕ್ಕಿಂತ ಜಾಸ್ತಿ ಬೇಕು. ಹತ್ತು ಆಟದಲ್ಲಿ ನೀವು ನೋಡಿದ್ದು ತೀರಾ ಸ್ವಲ್ಪ. ಗುರಿಯ ಸಂಖ್ಯೆ ಚಿಕ್ಕದಾಗಿ ಬಂದರೆ ಸುಲಭ ಎಂದು ತಿಳಿಯಬೇಡಿ. ಅಂಕ ಗಳಿಸುವುದು ಕಷ್ಟವಾದ ಷರತ್ತಿಗೆ ಚಿಕ್ಕ ಸಂಖ್ಯೆ ಹಾಕಿರುತ್ತಾರೆ. ಪಾರ್ಕಿಗೆಲ್ಲ ಅಂಕ ಕೊಟ್ಟು, ಪ್ರತಿ ಕಾರ್ಖಾನೆಗೆ ಮೂರು ಅಂಕ ಕಿತ್ತುಕೊಳ್ಳುವ ಒಂದು ಷರತ್ತಿದೆ. ಅದು ಬಂದ ದಿನ ಕಾರ್ಖಾನೆಗಳನ್ನು ಹೊದಿಸುತ್ತ ಹೋಗುವುದೇ ಕೆಲಸ. ಅತಿ ಉದ್ದದ ರಸ್ತೆಗೆ ಅಂಕ ಕೊಡುವ ಷರತ್ತು ಬಂದರೆ ಎಲ್ಲ ತುದಿಗಳನ್ನೂ ಒಂದೇ ರಸ್ತೆಗೆ ತನ್ನಿ. ಸುತ್ತಿ ಬರುವ ರಸ್ತೆಗೆ ಅಂಕ ಇದ್ದರೆ ಸುತ್ತು ಮುಚ್ಚಿ. ಅದಿಲ್ಲದ ಆಟದಲ್ಲಿ ಸುತ್ತು ಮುಚ್ಚುವುದು ಅಷ್ಟೇನೂ ಒಳ್ಳೆಯದಲ್ಲ, ಏಕೆಂದರೆ ಮುಚ್ಚಿದ ಸುತ್ತಿಗೆ ಮುಂದೆ ಯಾವ ರಸ್ತೆಯನ್ನೂ ಕೂಡಿಸಲು ಬರುವುದಿಲ್ಲ. ಷರತ್ತುಗಳು ಇಂಗ್ಲಿಷಿನಲ್ಲಿವೆ. ಮಗಳ ಕೈಯಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆಸಿ ಪಾಕೀಟಿನಲ್ಲೇ ಇಡಿ. ನಮ್ಮ ಜಗಲಿಯಲ್ಲಿ ಹಾಗೆ ಬರೆದ ಹಾಳೆ ಬಂದ ಮೇಲೆ ಅಜ್ಜಿಯರೂ ಆಡುತ್ತಿದ್ದಾರೆ.

ಆಟದಲ್ಲಿ ಕೊರತೆಯೂ ಇದೆ, ಅದನ್ನೂ ಹೇಳಬೇಕು. ನಿಯಮದ ಹಾಳೆಯಲ್ಲಿ ನಾಲ್ಕು ಜನ ಆಡಬಹುದು ಎಂದಿದೆ. ನಾನು ನಾಲ್ಕು ಜನಕ್ಕೆ ಇದನ್ನು ಶಿಫಾರಸು ಮಾಡುವುದಿಲ್ಲ. ಜಾಣರು ಒಬ್ಬರಿದ್ದರೆ ‘ಅದನ್ನು ಅಲ್ಲಿಡು, ಇದನ್ನು ಇಲ್ಲಿಡು’ ಎಂದು ಎಲ್ಲರ ಆಟವನ್ನೂ ಅವರೇ ಆಡಿಬಿಡುತ್ತಾರೆ. ಉಳಿದವರು ಸುಮ್ನೆ ಕೂರಬೇಕು. ಇಬ್ಬರಿಗೆ ಬಹಳ ಚೆನ್ನಾಗಿದೆ. ಒಬ್ಬರೇ ಆಡುವುದಕ್ಕೆ ಅದಕ್ಕಿಂತಲೂ ಚೆನ್ನಾಗಿದೆ. ಕೈಯಲ್ಲಿ ಮೂರು ಕಾರ್ಡು ಇಟ್ಟುಕೊಂಡು, ಒಂದು ಆಡಿ, ಒಂದು ಎಳೆದು, ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಮಗಳು ಮೊದಲು ನಾಲ್ಕು ಆಟ ಒಬ್ಬಳೇ ಆಡಲಿ, ಯಾರೂ ಬಾಯಿ ಹಾಕಬೇಡಿ. ಕೊನೆಯ ಎಣಿಕೆಯೂ ಸ್ವಲ್ಪ ಕಿರಿಕಿರಿ. ಅದಕ್ಕೆ ನಾವು ಹುಣಸೆ ಬೀಜ ಬಳಸುತ್ತೇವೆ. ಎಣಿಸಿದ ರಸ್ತೆಯ ಮೇಲೆ ಒಂದು ಬೀಜ. ಎರಡು ಸಲ ಎಣಿಸುವುದೂ ಇಲ್ಲ, ಬಿಟ್ಟುಹೋಗುವುದೂ ಇಲ್ಲ. ಆಟದ ನಡುವೆಯೇ ತೆರೆದ ತುದಿಗಳ ಮೇಲೆ ಬೀಜ ಇಡುವುದು ಇನ್ನೂ ಒಳ್ಳೆಯದು, ತುದಿಗಳು ಕಣ್ಣಿಗೆ ಹೊಡೆದು ಕಾಣುತ್ತವೆ.

ನಿಮ್ಮ ಶಿರಸಿ ಮಳೆಯಲ್ಲಿ ಕಾರ್ಡು ಉಬ್ಬುತ್ತದೆ, ಬೂಸು ಹಿಡಿಯುತ್ತದೆ. ಕಾರವಾರದ ಉಪ್ಪು ಗಾಳಿಯಲ್ಲಿ ನಮ್ಮದೂ ಅದೇ ಕಥೆ. ಒಂದು ಕಾರ್ಡು ಬಾಗಿದರೂ ರಾಶಿಯಲ್ಲಿ ಅದು ಯಾವುದು ಎಂದು ಗೊತ್ತಾಗಿಬಿಡುತ್ತದೆ, ಆಟ ಕೆಡುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಒಂದೊಂದನ್ನೂ ಹಾಕಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ತೇವ ಹೀರುವ ಪುಟ್ಟ ಪೊಟ್ಟಣ ಇರುತ್ತದಲ್ಲ, ಅದನ್ನೂ ಡಬ್ಬಿಗೆ ಹಾಕಿ.

ಈಗ ಮಾವನವರ ಪ್ರಶ್ನೆ. ಎದುರಾಳಿ ಬೇಕು ಎನ್ನುವುದು ತಪ್ಪೇನಲ್ಲ. ಚೌಕಾಬಾರ, ಇಸ್ಪೀಟು ಆಡಿ ಬೆಳೆದವರಿಗೆ ಎದುರಿಗೆ ಒಬ್ಬರು ಕೂತಿರಬೇಕು. ದಾರಿ ಕಟ್ಟುವ ಆಟಗಳಲ್ಲಿ ಅಂಥವೂ ಇವೆ. ತ್ಸೂರೊ ಎಂಬ ಆಟದಲ್ಲಿ 35 ಬಿಲ್ಲೆಗಳು. ಪ್ರತಿ ಬಿಲ್ಲೆಯ ಅಂಚಿನಲ್ಲಿ ಎಂಟು ಬಿಂದು, ಅವನ್ನು ಕೂಡಿಸುವ ನಾಲ್ಕು ದಾರಿ. ಎಂಟು ಬಿಂದುಗಳನ್ನು ಜೋಡಿ ಜೋಡಿಯಾಗಿ ಕೂಡಿಸಲು 105 ಬಗೆ ಇದೆ. ತಿರುಗಿಸಿದರೆ ಒಂದೇ ಆಗುವವನ್ನು ಬಿಟ್ಟರೆ ಸರಿಯಾಗಿ 35 ಉಳಿಯುತ್ತವೆ. ಆ 35ನ್ನೂ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಎಂಟು ಜನ ಆಡಬಹುದು. ದಾರಿ ಯಾರನ್ನು ಹಲಗೆಯ ಹೊರಗೆ ಒಯ್ಯುತ್ತದೋ ಅವರು ಔಟ್. ಮನೆ ತುಂಬ ನೆಂಟರು ಬಂದಾಗ ಇದು ಒಳ್ಳೆಯದು.

ಆದರೆ ನಿಮ್ಮ ಮಾವನವರಿಗೆ ನಾನು ಹೇಳುವುದು ದುಡ್ಡೇ ಬೇಡದ ಇನ್ನೊಂದು ಆಟ. 1960ರಲ್ಲಿ ವಿಲಿಯಂ ಬ್ಲ್ಯಾಕ್ ಎಂಬವರು ಕಂಡುಹಿಡಿದದ್ದು. ಅವರ ಹೆಸರಿನಿಂದಲೇ ಬ್ಲ್ಯಾಕ್ ಪಾತ್ ಎನ್ನುತ್ತಾರೆ. ಚೌಕುಳಿ ನೋಟ್‌ಬುಕ್ಕಿನ ಒಂದು ಹಾಳೆ, ಎರಡು ಪೆನ್ನು ಸಾಕು. ಎಂಟಕ್ಕೆ ಎಂಟು ಮನೆ ಗೀಚಿಕೊಳ್ಳಿ. ಒಂದು ಮೂಲೆಯ ಮನೆಯ ಹೊರ ಅಂಚಿನಿಂದ ದಾರಿ ಶುರು. ದಾರಿ ಬಂದು ನಿಂತ ಖಾಲಿ ಮನೆಯಲ್ಲಿ, ಒಬ್ಬರಾದ ಮೇಲೆ ಒಬ್ಬರು, ಮೂರರಲ್ಲಿ ಒಂದು ಚಿತ್ರ ಬರೆಯಬೇಕು. ಎರಡು ನೇರ ಗೆರೆ ಒಂದನ್ನೊಂದು ದಾಟುವುದು ಒಂದು. ಎರಡು ಬಾಗಿದ ಗೆರೆ ಎದುರುಬದುರು ಮೂಲೆಗಳನ್ನು ಸುತ್ತುವುದು ಇನ್ನೊಂದು. ಅದೇ ಬಾಗಿದ ಗೆರೆಗಳನ್ನು ಉಳಿದೆರಡು ಮೂಲೆಗಳಿಗೆ ಬರೆದರೆ ಮೂರನೆಯದು. ದಾರಿ ಮೊದಲೇ ತುಂಬಿದ ಮನೆಗೆ ಹೊಕ್ಕರೆ ಅಲ್ಲಿ ಉಳಿದಿರುವ ಗೆರೆ ಹಿಡಿದು ಮುಂದೆ ಹೋಗುತ್ತದೆ. ದಾರಿಯನ್ನು ಹಾಳೆಯ ಅಂಚಿಗೆ ತಂದುಬಿಟ್ಟವರು ಸೋತರು. ಈ ಬಾಗಿದ ಗೆರೆಯ ಮನೆಗಳ ಜಾತಿಗೆ ಟ್ರುಶೆ ಬಿಲ್ಲೆಗಳು ಎಂದು ಹೆಸರು. ಸೆಬಾಸ್ಟಿಯನ್ ಟ್ರುಶೆ ಎಂಬ ಫ್ರಾನ್ಸಿನ ಪಾದ್ರಿ 1704ರಲ್ಲೇ ಎರಡು ಬಣ್ಣದ ಚೌಕ ಬಿಲ್ಲೆಗಳನ್ನು ತಿರುಗಿಸಿ ತಿರುಗಿಸಿ ಎಷ್ಟು ವಿನ್ಯಾಸ ಬರುತ್ತದೆ ಎಂದು ನೋಡಿದ್ದರು.

ಇದರಲ್ಲಿ ಲಕ್ಕು ಒಂದು ಚೂರೂ ಇಲ್ಲ, ಮಗಳಿಗೆ ಹೇಳಿ. ಜೊತೆಗೆ ಒಂದು ಗುಟ್ಟಿದೆ. ಎಲ್ವಿನ್ ಬರ್ಲೆಕ್ಯಾಂಪ್ ಎಂಬ ಗಣಿತಜ್ಞರು ಅದನ್ನು ಕಂಡುಹಿಡಿದರು. ಎಂಟಕ್ಕೆ ಎಂಟರ ಹಾಳೆಯಲ್ಲಿ ಮೊದಲು ಆಡುವವರು ಯಾವಾಗಲೂ ಗೆಲ್ಲಬಹುದು. ಎಲ್ಲ ಮನೆಗಳನ್ನೂ ಪಕ್ಕಪಕ್ಕದ ಎರಡೆರಡರ ಜೋಡಿ ಎಂದು ಮನಸ್ಸಿನಲ್ಲೇ ಭಾಗ ಮಾಡಿಕೊಳ್ಳಬೇಕು. ತನ್ನ ಸರದಿ ಬಂದಾಗ ದಾರಿಯನ್ನು ಅದೇ ಜೋಡಿಯ ಇನ್ನೊಂದು ಮನೆಗೆ ಕಳಿಸಬೇಕು. ಆಗ ಎದುರಿನವರು ಜೋಡಿಯ ಆ ಮನೆಯನ್ನು ತುಂಬಲೇಬೇಕು. ಅಲ್ಲಿಂದ ದಾರಿ ಹೊಸ ಜೋಡಿಗೆ ಹೋಗುತ್ತದೆ, ಇಲ್ಲವೇ ಅಂಚಿಗೆ. ಹೊಸ ಜೋಡಿಗೆ ಹೋದರೆ ಮತ್ತೆ ಅದೇ ಉಪಾಯ. ಹೀಗಾಗಿ ಮೊದಲಿನವರಿಗೆ ಯಾವಾಗಲೂ ಒಂದು ನಡೆ ಇದ್ದೇ ಇರುತ್ತದೆ. ಏಳಕ್ಕೆ ಏಳರ ಹಾಳೆಯಲ್ಲಿ ಇದು ತಿರುಗುಮುರುಗು. ಅಲ್ಲಿ 49 ಮನೆ. ಶುರುವಿನ ಮೂಲೆ ಮನೆಯನ್ನು ಬಿಟ್ಟರೆ ಉಳಿದ 48 ಸರಿಯಾಗಿ ಜೋಡಿಯಾಗುತ್ತವೆ. ಆದ್ದರಿಂದ ಎರಡನೆಯವರಿಗೆ ಗೆಲುವು.

ಈ ಗುಟ್ಟನ್ನು ಇಬ್ಬರಿಗೂ ಈಗಲೇ ಹೇಳಬೇಡಿ. ಒಂದು ವಾರ ಇಬ್ಬರೂ ಸುಮ್ನೆ ಆಡಲಿ, ಒಂದು ದಿನ ಎಂಟರ ಹಾಳೆ, ಒಂದು ದಿನ ಏಳರ ಹಾಳೆ. ಪ್ರತಿ ಸಲ ಯಾರು ಮೊದಲು ಆಡಿದರು, ಯಾರು ಗೆದ್ದರು ಎಂದು ಹಾಳೆಯ ಮೂಲೆಯಲ್ಲಿ ಮಗಳು ಬರೆದಿಡಲಿ. ಆ ಹಾಳೆಗಳನ್ನು ನನಗೂ ಕಳಿಸಿ. ನಮ್ಮ ಜಗಲಿಯ ಮಕ್ಕಳು ಅಜ್ಜ ಮೊಮ್ಮಗಳ ಆಟ ನೋಡಲಿ.